ಬಿಲ್ಲೆ, ಚೀಟಿ ಮತ್ತು ವೀಳ್ಯ

ಬೆಳೆಗಾರ ಬಂಧುಗಳು ಪೇಟೆಗೆ ಹೋದ ದಿನ ಎಷ್ಟು ಟೋಕನ್‌ಗಳನ್ನು ಕೈಯಲ್ಲಿ ಹಿಡಿಯುತ್ತಾರೆಂಬುದನ್ನು ಒಮ್ಮೆ ಲೆಕ್ಕ ಹಾಕಿ ನೋಡಬೇಕು. ಆಸ್ಪತ್ರೆಯಲ್ಲಿ ವೈದ್ಯರನ್ನು ಕಾಣಲು ನಂಬರಿನ ಚೀಟಿ. ದೇವಸ್ಥಾನದ ಬಾಗಿಲಲ್ಲಿ ಚಪ್ಪಲಿ ಬಿಟ್ಟರೆ ತಗಡಿನ ಬಿಲ್ಲೆ. ಹೋಟೆಲಿನ ಗಲ್ಲಾದಲ್ಲಿ ಹಣ ಕೊಟ್ಟರೆ ಊಟದ ಕೂಪನ್. ಬಸ್ಸಿನಲ್ಲಿ ಚಿಲ್ಲರೆ ಇಲ್ಲವಾದರೆ ಕಂಡಕ್ಟರು ಟಿಕೆಟ್ಟಿನ ಬೆನ್ನಿಗೆ ಬರೆದುಕೊಡುವ ಬಾಕಿ ಹಣದ ಅಂಕೆ. ದಿನಸಿ ಅಂಗಡಿಯವರು ಎರಡು ರೂಪಾಯಿ ಚಿಲ್ಲರೆಯ ಬದಲು ಕೈಗಿಡುವ ಪೆಪ್ಪರಮೆಂಟು.

ಇವುಗಳಲ್ಲಿ ಕೊನೆಯದು ಟೋಕನ್ ಹೌದೇ ಅಲ್ಲವೇ ಎಂದು ಯಾರಾದರೂ ಕೇಳಬಹುದು. ಅದನ್ನು ಪರೀಕ್ಷಿಸುವುದು ಸುಲಭ. ಮರುದಿನ ಅದೇ ಪೆಪ್ಪರಮೆಂಟನ್ನು ಅದೇ ಅಂಗಡಿಗೆ ಒಯ್ದು, ಎರಡು ರೂಪಾಯಿಗೆ ಲೆಕ್ಕ ಹಿಡಿಯಿರಿ ಎಂದು ಕೇಳಿ ನೋಡಬೇಕು. ಅಂಗಡಿಯವರು ನಕ್ಕುಬಿಟ್ಟರೆ ಅದು ಟೋಕನ್ ಅಲ್ಲ, ಬರೀ ಮಿಠಾಯಿ. ಕೊಟ್ಟವರೇ ಹಿಂದಕ್ಕೆ ಪಡೆದು, ಹೇಳಿದ ವಸ್ತುವನ್ನೋ ಹಣವನ್ನೋ ಸರದಿಯನ್ನೋ ಕೊಡಲೇಬೇಕಾದದ್ದು ಟೋಕನ್. ಅದರ ಬೆಲೆ ತಗಡಿನಲ್ಲೂ ಇಲ್ಲ, ಕಾಗದದಲ್ಲೂ ಇಲ್ಲ, ಕೊಟ್ಟವರ ಹೊಣೆಯಲ್ಲಿದೆ. ಈ ಒಂದು ಮಾತನ್ನು ಹಿಡಿದುಕೊಂಡು, ಕುಯ್ಲಿನ ಕಾಲದಲ್ಲಿ ನಮ್ಮ ಕೈ ದಾಟಿ ಹೋಗುವ ಮತ್ತು ನಮ್ಮ ಕೈಗೆ ಬರುವ ಚೀಟಿಗಳ ಬಗ್ಗೆ ಸ್ವಲ್ಪ ಯೋಚಿಸೋಣ ಎಂಬುದು ಈ ಲೇಖನದ ಉದ್ದೇಶ.

ಸರದಿಯ ಚೀಟಿ, ಹಣದ ಬಿಲ್ಲೆ

ಬ್ಯಾಂಕುಗಳ ಹಿತ್ತಾಳೆ ಬಿಲ್ಲೆಯನ್ನು ನಮ್ಮ ಹಿರಿಯ ಸದಸ್ಯರು ಮರೆತಿರಲಾರರು. ಚೆಕ್ಕನ್ನು ಗುಮಾಸ್ತರ ಕೈಗೆ ಕೊಟ್ಟರೆ ನಂಬರು ಕೊರೆದ ಒಂದು ಬಿಲ್ಲೆ ಬರುತ್ತಿತ್ತು. ಚೆಕ್ಕು ಒಳಗೆ ಮೇಜಿನಿಂದ ಮೇಜಿಗೆ ಹೋಗಿ, ಸಹಿ ತಾಳೆ ನೋಡಿ, ಖಾತೆಯಲ್ಲಿ ಬರೆದು ಮುಗಿಯುವವರೆಗೆ ನಾವು ಬೆಂಚಿನ ಮೇಲೆ ಕಾಯಬೇಕು. ನಗದು ಗುಮಾಸ್ತರು ನಂಬರು ಕೂಗಿದಾಗ ಬಿಲ್ಲೆ ಕೊಟ್ಟು ಹಣ ಎಣಿಸಿಕೊಳ್ಳಬೇಕು. ಬಿಲ್ಲೆ ಕಳೆದುಹೋದರೆ ಕೂಡಲೇ ತಿಳಿಸದೆ ಗತಿಯಿಲ್ಲ. ಏಕೆಂದರೆ ಅದನ್ನು ಹಿಡಿದು ಬಂದವರ ಕೈಗೆ ಹಣ ಹೋಗಿಬಿಡಬಹುದು.

ಈಗ ಅನೇಕ ಬ್ಯಾಂಕುಗಳಲ್ಲಿ ಯಂತ್ರದ ಗುಂಡಿ ಒತ್ತಿದರೆ ನಂಬರಿನ ಚೀಟಿ ಬರುತ್ತದೆ. ಇದಕ್ಕೂ ಟೋಕನ್ ಎಂದೇ ಹೆಸರು. ಆದರೆ ಇದು ಸರದಿಯನ್ನು ಮಾತ್ರ ಹೇಳುತ್ತದೆ, ಹಣವನ್ನಲ್ಲ. ಹಿತ್ತಾಳೆ ಬಿಲ್ಲೆ ಕಳೆದರೆ ಹಣಕ್ಕೇ ಅಪಾಯ. ಈ ಚೀಟಿ ಕಳೆದರೆ ಹೋಗುವುದು ಅರ್ಧ ಗಂಟೆ. ಹೆಸರು ಒಂದೇ ಆದರೂ ಹೊಣೆ ಬೇರೆ. ಕೈಯಲ್ಲಿರುವ ಚೀಟಿ ಯಾವ ಹೊಣೆಯನ್ನು ಹೇಳುತ್ತದೆ ಎಂಬುದನ್ನು ಮೊದಲು ತಿಳಿಯಬೇಕು. ಈ ಮಾತಿಗೆ ಮುಂದೆ ಮತ್ತೆ ಬರುತ್ತೇವೆ.

ಒಂದೇ ಒಂದು ಗುಂಡು

ಪ್ರಾಣವೇ ಟೋಕನ್ನಿನ ಮೇಲೆ ನಿಂತಿರುವುದನ್ನು ಕಾಣಬೇಕಾದರೆ ರೈಲ್ವೆಯನ್ನು ನೋಡಬೇಕು. ಒಂದೇ ಜೊತೆ ಹಳಿಯಿರುವ ಮಾರ್ಗದಲ್ಲಿ ಎರಡು ಕಡೆಯಿಂದ ಗಾಡಿಗಳು ಎದುರಾದರೆ ಆಗುವ ಅನಾಹುತ ಹೇಳಬೇಕಾಗಿಲ್ಲ. ಇದನ್ನು ತಡೆಯಲು ಭಾರತೀಯ ರೈಲ್ವೆಯ ಅನೇಕ ಏಕಮಾರ್ಗ ವಿಭಾಗಗಳಲ್ಲಿ ದಶಕಗಳ ಕಾಲ ನೀಲ್ಸ್ ಬಾಲ್ ಟೋಕನ್ ಎಂಬ ಯಂತ್ರ ಬಳಕೆಯಲ್ಲಿತ್ತು. ಅಕ್ಕಪಕ್ಕದ ಎರಡು ನಿಲ್ದಾಣಗಳ ಯಂತ್ರಗಳು ವಿದ್ಯುತ್ ತಂತಿಯಿಂದ ಕೂಡಿಕೊಂಡಿರುತ್ತವೆ. ಆ ಕಡೆಯ ಸ್ಟೇಷನ್ ಮಾಸ್ತರರು ಒಪ್ಪಿದರೆ ಮಾತ್ರ ಈ ಕಡೆಯ ಯಂತ್ರದಿಂದ ಉಕ್ಕಿನ ಒಂದು ಗುಂಡು ಹೊರಬರುತ್ತದೆ. ಒಂದು ಗುಂಡು ಹೊರಗಿರುವಾಗ ಎರಡೂ ಯಂತ್ರಗಳಿಂದ ಇನ್ನೊಂದು ಬರುವುದಿಲ್ಲ. ಆ ಗುಂಡನ್ನು ದೊಡ್ಡ ಬಳೆಗೆ ಕಟ್ಟಿದ ಚೀಲದಲ್ಲಿಟ್ಟು ಚಾಲಕರಿಗೆ ಕೊಡುತ್ತಾರೆ. ಅದು ಕೈಯಲ್ಲಿಲ್ಲದೆ ಚಾಲಕರು ಮುಂದಿನ ವಿಭಾಗಕ್ಕೆ ಗಾಡಿ ಬಿಡುವಂತಿಲ್ಲ. ಮುಂದಿನ ನಿಲ್ದಾಣದಲ್ಲಿ ಅದನ್ನು ಒಪ್ಪಿಸಿ, ಯಂತ್ರಕ್ಕೆ ಹಾಕಿದ ಮೇಲೆಯೇ ಇನ್ನೊಂದು ಗಾಡಿಗೆ ದಾರಿ.

ಈ ಗುಂಡಿನ ಶಕ್ತಿಯೆಲ್ಲ ಎರಡು ಸಂಗತಿಗಳಲ್ಲಿದೆ. ಒಂದು ಕಾಲಕ್ಕೆ ಒಂದೇ ಹೊರಗಿರುತ್ತದೆ ಎಂಬುದು ಒಂದು. ಕೆಲಸ ಮುಗಿದೊಡನೆ ಅದು ಮತ್ತೆ ಒಳಗೆ ಹೋಗಲೇಬೇಕು ಎಂಬುದು ಇನ್ನೊಂದು. 2011ರಲ್ಲಿ ಬೆಂಗಳೂರಿನ ಮೆಟ್ರೋ ಶುರುವಾದಾಗ ಪ್ರಯಾಣಿಕರ ಕೈಗೆ ಬಂದ ದುಂಡು ಪ್ಲಾಸ್ಟಿಕ್ ಟೋಕನ್ನಿನದೂ ಇದೇ ನಡೆ. ಇಳಿದ ನಿಲ್ದಾಣದಲ್ಲಿ ಗೇಟು ಅದನ್ನು ನುಂಗಿಕೊಂಡ ಮೇಲೆಯೇ ಹೊರಗೆ ಬಿಡುತ್ತದೆ.

ಸುಲ್ತಾನನ ಹಿತ್ತಾಳೆ

ಈ ಎರಡು ಕಟ್ಟುಗಳಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಮುಹಮ್ಮದ್ ಬಿನ್ ತುಘಲಕನ ನಾಣ್ಯವೇ ಸಾಕ್ಷಿ. 1964ರಲ್ಲಿ ಪ್ರಕಟವಾದ ಗಿರೀಶ ಕಾರ್ನಾಡರ ನಾಟಕದಿಂದಾಗಿ ಈ ಸುಲ್ತಾನ ಕನ್ನಡಿಗರಿಗೆ ಚಿರಪರಿಚಿತ. 1329-30ರ ಸುಮಾರಿಗೆ ಅವನು ತಾಮ್ರ ಹಿತ್ತಾಳೆಗಳ ನಾಣ್ಯವನ್ನು ಹೊರಡಿಸಿ, ಇದಕ್ಕೆ ಬೆಳ್ಳಿಯ ಟಂಕದ ಬೆಲೆಯಿದೆ ಎಂದು ಸಾರಿದ. ವಿಚಾರ ಹುಚ್ಚಿನದೆಂದು ತಳ್ಳಿಹಾಕುವಂತಿಲ್ಲ. ಅದಕ್ಕೂ ಮೊದಲೇ ಚೀನದಲ್ಲಿ ಕುಬ್ಲಾಯ್ ಖಾನನ ಕಾಗದದ ಹಣ ನಡೆದಿತ್ತು. ಆದರೆ ಸುಲ್ತಾನನ ನಾಣ್ಯವನ್ನು ಯಾವ ಕಂಚುಗಾರನಾದರೂ ಮನೆಯಲ್ಲೇ ಎರಕ ಹೊಯ್ಯಬಹುದಾಗಿತ್ತು. ಅಸಲು ಯಾವುದು ನಕಲು ಯಾವುದು ಎಂದು ಗುರುತಿಸಲು ಟಂಕಸಾಲೆಯ ಬಳಿ ಉಪಾಯವಿರಲಿಲ್ಲ. ಜನ ಕಂದಾಯವನ್ನು ಹಿತ್ತಾಳೆಯಲ್ಲಿ ಕಟ್ಟಿ ಬೆಳ್ಳಿಯನ್ನು ಮನೆಯಲ್ಲಿ ಹೂತಿಟ್ಟರು. ಕೆಲವೇ ವರ್ಷಗಳಲ್ಲಿ ಸುಲ್ತಾನ ನಾಣ್ಯವನ್ನು ಹಿಂತೆಗೆದುಕೊಂಡು, ಬೊಕ್ಕಸಕ್ಕೆ ತಂದೊಪ್ಪಿಸಿದವರಿಗೆ ಬೆಳ್ಳಿ ಕೊಟ್ಟ. ತುಘಲಕಾಬಾದಿನಲ್ಲಿ ತಾಮ್ರದ ನಾಣ್ಯಗಳ ರಾಶಿಗಳು ಬೆಟ್ಟದಂತೆ ಬಿದ್ದಿದ್ದವೆಂದು ಆ ಕಾಲದ ಚರಿತ್ರೆಕಾರ ಜಿಯಾವುದ್ದೀನ್ ಬರನಿ ಬರೆದಿದ್ದಾನೆ.

ನಮ್ಮ ಜೇಬಿನ ನೋಟೂ ಒಂದು ಟೋಕನ್ನೇ. ಹತ್ತು ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ನೋಟಿನ ಮೇಲೆ ರಿಸರ್ವ್ ಬ್ಯಾಂಕಿನ ಗವರ್ನರರು, ಧಾರಕನಿಗೆ ಇಷ್ಟು ರೂಪಾಯಿ ಸಲ್ಲಿಸುತ್ತೇನೆಂದು ಮಾತು ಕೊಟ್ಟು ಸಹಿ ಮಾಡಿರುತ್ತಾರೆ. ಒಂದು ರೂಪಾಯಿ ನೋಟಿನಲ್ಲಿ ಈ ವಚನ ಇರುವುದಿಲ್ಲ. ಅದನ್ನು ಹೊರಡಿಸುವುದು ಭಾರತ ಸರ್ಕಾರ, ಸಹಿ ಹಣಕಾಸು ಕಾರ್ಯದರ್ಶಿಯವರದು. ನೋಟು ಕಾಗದವೇ ಹೊರತು ಬೇರೇನಲ್ಲ ಎಂಬುದು 2016ರ ನವೆಂಬರ್ 8ರ ರಾತ್ರಿ, 500 ಮತ್ತು 1000 ರೂಪಾಯಿ ನೋಟುಗಳ ಚಲಾವಣೆ ನಿಂತಾಗ ಎಲ್ಲರಿಗೂ ಮನದಟ್ಟಾಯಿತು. ಮಲೆನಾಡಿನಲ್ಲಿ ಅದು ಅಡಿಕೆ ಕೊಯ್ಲಿನ ಕಾಲ, ಅರೇಬಿಕಾ ಹಣ್ಣಾಗುವ ಕಾಲ. ಪೆಟ್ಟಿಗೆಯಲ್ಲಿ ನೋಟಿದ್ದೂ ಬಟವಾಡೆಗೆ ಹಣವಿಲ್ಲ ಎಂಬ ಸ್ಥಿತಿ. ಆ ವಾರಗಳಲ್ಲಿ ತೋಟದ ಕೆಲಸ ನಡೆದ ಕಡೆಗಳಲ್ಲಿ ಅದು ನಡೆದದ್ದು, ಮಾಲೀಕರು ಮುಂದೆ ಕೊಟ್ಟೇ ಕೊಡುತ್ತಾರೆಂಬ ಆಳುಗಳ ನಂಬಿಕೆಯ ಮೇಲೆ.

ಕಾಫಿ ತೋಟದ ಬಿಲ್ಲೆ

ಕಾಫಿಗೂ ಟೋಕನ್ನಿಗೂ ಇರುವ ನಂಟು ಬಹಳ ಹಳೆಯದು. ಮಧ್ಯ ಅಮೆರಿಕದ ಕೋಸ್ಟರಿಕಾ ದೇಶದಲ್ಲಿ 19ನೆಯ ಶತಮಾನದಲ್ಲೂ 20ನೆಯ ಶತಮಾನದಲ್ಲೂ ತೋಟದ ಮಾಲೀಕರು ತಮ್ಮ ಹೆಸರನ್ನೋ ಹೆಸರಿನ ಮೊದಲಕ್ಷರಗಳನ್ನೋ ಒತ್ತಿದ ಲೋಹದ ಬಿಲ್ಲೆಗಳನ್ನು ಇಟ್ಟುಕೊಂಡಿದ್ದರು. ಇವುಗಳನ್ನು ಅಲ್ಲಿ ಬೊಲೆತೊ ಎನ್ನುತ್ತಾರೆ. ಹಣ್ಣು ಅಳೆಯುವ ಕಹುಯೆಲ ಎಂಬ ಪೆಟ್ಟಿಗೆ ಸುಮಾರು 20 ಲೀಟರಿನದು. ಒಂದು ಪೆಟ್ಟಿಗೆ ಹಣ್ಣು ಸುರಿದವರಿಗೆ ಒಂದು ಬೊಲೆತೊ. ನಂತರ ಬೊಲೆತೊಗಳನ್ನು ಎಣಿಸಿ ಹಣ ಪಡೆಯಬೇಕು. ಬಟವಾಡೆಗೆ ಮೊದಲೇ ಊರಿನ ಅಂಗಡಿಗಳಲ್ಲಿ ಇವು ನಾಣ್ಯದಂತೆ ನಡೆದದ್ದೂ ಉಂಟು.

ಸಿಂಹಳ ಕಾಫಿಗೆ ಹೆಸರಾಗಿದ್ದ ಕಾಲದಲ್ಲಿ, ಎಂದರೆ 1869ರಲ್ಲಿ ಅಲ್ಲಿ ಎಲೆತುಕ್ಕು ರೋಗ ಕಾಣಿಸಿಕೊಂಡು ತೋಟಗಳು ಹಾಳಾಗುವುದಕ್ಕೆ ಮೊದಲು, ಕೊಲಂಬೊದ ಕಾಫಿ ಗಿರಣಿಗಳು ಕೂಲಿಗಳಿಗೆ ಲೋಹದ ಟೋಕನ್ ಕೊಡುತ್ತಿದ್ದವು. ಅಸ್ಸಾಮಿನ ಚಹಾ ತೋಟಗಳಲ್ಲೂ ತೋಟದ ಹೆಸರು ಹೊತ್ತ ಹಿತ್ತಾಳೆ ತಾಮ್ರದ ಬಿಲ್ಲೆಗಳು ನಡೆದವು. ದೂರದ ಕಾಡಿಗೆ ಸರ್ಕಾರದ ಚಿಲ್ಲರೆ ನಾಣ್ಯ ಸಾಕಷ್ಟು ಬರುತ್ತಿರಲಿಲ್ಲ ಎಂಬುದು ಇದಕ್ಕೆ ಒಂದು ಕಾರಣ.

ಇಲ್ಲಿಯವರೆಗೆ ದೋಷವೇನೂ ಕಾಣುವುದಿಲ್ಲ. ಆದರೆ ಬಿಲ್ಲೆ ನಡೆಯುವುದು ತೋಟದ ಮಾಲೀಕರದೇ ಅಂಗಡಿಯಲ್ಲಿ ಮಾತ್ರ ಎಂದಾದರೆ, ಅಂಗಡಿಯ ದರವನ್ನು ಗೊತ್ತು ಮಾಡುವವರೂ ಮಾಲೀಕರೇ ಆದರೆ, ದುಡಿದವರ ಕೂಲಿ ಅವರ ಕೈ ಸೇರುವ ಮೊದಲೇ ಕರಗಿಹೋಗುತ್ತದೆ. ಕೆಲಸ ಬಿಟ್ಟು ಬೇರೆ ಊರಿಗೆ ಹೋಗೋಣವೆಂದರೆ ಆ ಬಿಲ್ಲೆಗೆ ಅಲ್ಲಿ ಕವಡೆಯ ಬೆಲೆಯೂ ಇಲ್ಲ. ಹೀಗೆ ಲೆಕ್ಕಕ್ಕೆಂದು ಹುಟ್ಟಿದ ಬಿಲ್ಲೆ ಕಾಲಿನ ಸಂಕೋಲೆಯಾಯಿತು. ಇಂಗ್ಲೆಂಡಿನಲ್ಲಿ 1831ರಲ್ಲಿ ಬಂದ ಟ್ರಕ್ ಕಾಯಿದೆ ಅನೇಕ ಕಸುಬುಗಳಲ್ಲಿ ಕೂಲಿಯನ್ನು ಸಾಮಾನಿನ ರೂಪದಲ್ಲಿ ಕೊಡುವುದನ್ನು ನಿಷೇಧಿಸಿತು. ನಮ್ಮ ದೇಶದಲ್ಲಿ 1936ರ ವೇತನ ಪಾವತಿ ಕಾಯಿದೆ, ಕೂಲಿಯನ್ನು ಚಲಾವಣೆಯ ನಾಣ್ಯ ಅಥವಾ ನೋಟಿನಲ್ಲೇ ಕೊಡಬೇಕೆಂದು ವಿಧಿಸಿತು. ಸಂಸತ್ತು 2019ರಲ್ಲಿ ಅಂಗೀಕರಿಸಿದ ವೇತನ ಸಂಹಿತೆಯೂ ನಾಣ್ಯ, ನೋಟು, ಚೆಕ್ಕು ಅಥವಾ ಬ್ಯಾಂಕು ಖಾತೆಯ ದಾರಿಗಳನ್ನು ಹೇಳುತ್ತದೆಯೇ ಹೊರತು ಬಿಲ್ಲೆಯನ್ನಲ್ಲ. ಬಿಲ್ಲೆ ಲೆಕ್ಕವಿಡುವುದಕ್ಕೆ ಇರಬಹುದು, ಕೂಲಿಯೇ ಬಿಲ್ಲೆಯಾಗಬಾರದು.

ಸೀಳಿದ ಕೋಲು

ಓದುಬರಹ ಬಾರದವರ ನಡುವೆ ಲೆಕ್ಕ ಹೇಗೆ ಇಟ್ಟುಕೊಳ್ಳಬೇಕೆಂಬುದಕ್ಕೆ ಇಂಗ್ಲೆಂಡಿನ ಹಳೆಯ ಬೊಕ್ಕಸ ಒಂದು ಸೊಗಸಾದ ಉಪಾಯ ಕಂಡುಕೊಂಡಿತ್ತು. ಒಂದು ಕೋಲಿನ ಮೇಲೆ ಹಣದ ಮೊತ್ತಕ್ಕೆ ತಕ್ಕ ಕಚ್ಚುಗಳನ್ನು ಹಾಕಿ, ಕೋಲನ್ನು ಉದ್ದಕ್ಕೆ ಸೀಳುತ್ತಿದ್ದರು. ಕಚ್ಚುಗಳು ಎರಡೂ ಹೋಳುಗಳಲ್ಲಿ ಇರುತ್ತವೆ. ಒಂದು ಹೋಳು ಕೊಟ್ಟವರಿಗೆ, ಇನ್ನೊಂದು ಪಡೆದವರಿಗೆ. ಲೆಕ್ಕದ ದಿನ ಎರಡನ್ನೂ ಜೋಡಿಸಿದರೆ ಕಚ್ಚಿಗೆ ಕಚ್ಚು, ಮರದ ಎಳೆಗೆ ಎಳೆ ಕೂಡಬೇಕು. ಯಾರಾದರೂ ತಮ್ಮ ಹೋಳಿನಲ್ಲಿ ಒಂದು ಕಚ್ಚು ಹೆಚ್ಚು ಹಾಕಿದ್ದರೆ ಅಲ್ಲೇ ಸಿಕ್ಕಿಬೀಳುತ್ತಾರೆ. ಈ ಪದ್ಧತಿ 1826ರವರೆಗೂ ನಡೆದು ಬಂತು. 1834ರ ಅಕ್ಟೋಬರ್ 16ರಂದು ಹಳೆಯ ಕೋಲುಗಳನ್ನು ಒಲೆಗೆ ತುಂಬಿ ಸುಡುವಾಗ ಬೆಂಕಿ ಹಬ್ಬಿ ಲಂಡನ್ನಿನ ಪಾರ್ಲಿಮೆಂಟು ಕಟ್ಟಡವೇ ಉರಿದುಹೋಯಿತು.

ಕಟ್ಟಡದ ಕತೆ ಹಾಗಿರಲಿ. ಕೋಲಿನ ಪಾಠವನ್ನು ನಾವು ಇಟ್ಟುಕೊಳ್ಳಬೇಕು. ಲೆಕ್ಕ ಒಂದೇ ಕೈಯಲ್ಲಿದ್ದರೆ ಅದು ಆ ಕೈಯವರ ಮಾತು. ಎರಡು ಕೈಯಲ್ಲಿದ್ದರೆ ಮಾತ್ರ ಅದು ಲೆಕ್ಕ.

ಪೂಲಿನ ರಸೀದಿ

ಕಾಫಿ ಬೆಳೆಗಾರರು ಟೋಕನ್ನಿನ ಇನ್ನೊಂದು ತುದಿಯಲ್ಲೂ ನಿಂತವರು. 1940ರ ದಶಕದಿಂದ, ವಿಶೇಷವಾಗಿ 1942ರ ಕಾಫಿ ಕಾಯಿದೆಯ ಮೇರೆಗೆ, ಬೆಳೆದ ಕಾಫಿಯನ್ನು ಕಾಫಿ ಮಂಡಳಿಯ ಪೂಲಿಗೆ ಒಪ್ಪಿಸುವ ಪದ್ಧತಿ ಇತ್ತು. ಕ್ಯೂರಿಂಗ್ ವರ್ಕ್ಸಿನಲ್ಲಿ ಕಾಫಿ ಇಳಿಸಿದರೆ ಕೈಗೆ ಬರುವುದು ರಸೀದಿ. ದರ್ಜೆಗೆ ತಕ್ಕಂತೆ ಪಾಯಿಂಟುಗಳು ಬೀಳುತ್ತವೆ. ಮೊದಲು ಒಂದು ಕಂತು ಹಣ, ಆಮೇಲೆ ಮಂಡಳಿ ಕಾಫಿಯನ್ನು ಮಾರಿದಂತೆಲ್ಲ ಪಾಯಿಂಟಿಗಿಷ್ಟು ಎಂದು ಉಳಿದ ಕಂತುಗಳು. ಒಂದು ಫಸಲಿನ ಕೊನೆಯ ಕಂತು ಬರುವ ಹೊತ್ತಿಗೆ ಇನ್ನೊಂದು ಫಸಲು ಕಣದಲ್ಲಿ ಒಣಗುತ್ತಿದ್ದುದನ್ನು ಹಿರಿಯರು ಬಲ್ಲರು. ತಡವಾಯಿತೆಂಬ ಗೊಣಗಾಟ ಎಷ್ಟೇ ಇದ್ದರೂ, ಆ ರಸೀದಿಯ ಹಿಂದೆ ಕಾಯಿದೆಯೊಂದು ನಿಂತಿತ್ತು. ಪೂಲ್ ಪದ್ಧತಿ 1990ರ ದಶಕದ ಮೊದಲ ಭಾಗದಲ್ಲಿ ಹಂತಹಂತವಾಗಿ ಸಡಿಲಗೊಂಡು 1996ರಲ್ಲಿ ಪೂರ್ತಿ ಮುಗಿಯಿತು.

ಅಂದಿನಿಂದ ಯಾರಿಗೆ ಬೇಕಾದರೂ ಮಾರುವ ಸ್ವಾತಂತ್ರ್ಯ ಬಂದಿದೆ, ಜೊತೆಗೆ ಯಾರ ಚೀಟಿಯನ್ನು ನಂಬಬೇಕೆಂಬ ಹೊಣೆಯೂ ನಮ್ಮ ತಲೆಯ ಮೇಲೆ ಬಂದಿದೆ. ಕಾಫಿ, ಮೆಣಸು, ಅಡಿಕೆಗಳನ್ನು ವ್ಯಾಪಾರಿಗಳ ಗೋದಾಮಿನಲ್ಲಿ ಇಳಿಸಿ, ದರ ಏರಿದಾಗ ಕಡಿಯೋಣವೆಂದು ತೂಕದ ತುಂಡು ಚೀಟಿ ಹಿಡಿದು ಬರುವುದು ಸಣ್ಣ ಬೆಳೆಗಾರರಲ್ಲಿ ವಾಡಿಕೆ. ಆ ಚೀಟಿಯಲ್ಲಿ ಮಾಲು ಮಾರಿದ್ದೋ ಇಟ್ಟದ್ದೋ ಎಂಬುದೇ ಬರೆದಿರುವುದಿಲ್ಲ. ವ್ಯಾಪಾರ ಚೆನ್ನಾಗಿ ನಡೆಯುವವರೆಗೆ ಇದರಿಂದ ತೊಂದರೆ ಕಾಣುವುದಿಲ್ಲ. ವ್ಯಾಪಾರ ಮುಳುಗಿ ಬಾಗಿಲು ಮುಚ್ಚಿದ ದಿನ, ಬೆಳೆಗಾರರ ಕೈಯಲ್ಲಿರುವುದು ಸರದಿಯ ಚೀಟಿಯೇ, ಹಣದ ಬಿಲ್ಲೆಯೇ, ಪೆಪ್ಪರಮೆಂಟೇ ಎಂಬುದು ತೀರ್ಮಾನವಾಗುತ್ತದೆ. ವರ್ಷದ ದುಡಿಮೆ ಆ ಒಂದು ಪ್ರಶ್ನೆಯ ಮೇಲೆ ನಿಂತಿರುತ್ತದೆ.

ನಾವೇ ಬೆಳೆಯುವ ಟೋಕನ್

ಲೋಹವೂ ಕಾಗದವೂ ಬೇಡದ ಟೋಕನ್ ಒಂದಿದೆ. ಅದನ್ನು ಬೆಳೆಯುವವರೇ ನಾವು. ಹೆಣ್ಣು ಗಂಡಿನ ಕಡೆಯವರು ತಾಂಬೂಲ ಬದಲಾಯಿಸಿಕೊಂಡರೆಂದರೆ ಮದುವೆ ನಿಶ್ಚಯವಾದಂತೆ. ಕಾರ್ಯಕ್ಕೆ ಹಿರಿಯರನ್ನು ಕರೆಯುವಾಗ ವೀಳ್ಯವಿಟ್ಟು ಕರೆಯುತ್ತೇವೆ. ದಕ್ಷಿಣೆಯನ್ನು ಎಲೆ ಅಡಿಕೆಯ ಮೇಲಿಟ್ಟೇ ಕೊಡುತ್ತೇವೆ. ಹಿಂದಿನ ಕಾಲದಲ್ಲಿ ಯುದ್ಧಕ್ಕೆ ಹೊರಡುವ ವೀರನಿಗೆ ರಣವೀಳ್ಯ. ಕರಾವಳಿಯಲ್ಲಿ ಯಕ್ಷಗಾನ ಮೇಳದವರಿಗೆ ಆಟಕ್ಕೆಂದು ಕೊಡುವುದಕ್ಕೂ ವೀಳ್ಯವೆಂದೇ ಹೆಸರು. ಎರಡು ಎಲೆ, ಒಂದು ಅಡಿಕೆಯ ಬೆಲೆ ಎಷ್ಟೆಂದು ನಮಗಿಂತ ಚೆನ್ನಾಗಿ ಬಲ್ಲವರು ಯಾರು? ಆದರೂ ಅದನ್ನು ಕೈಗೆತ್ತಿಕೊಂಡವರು ಮಾತಿಗೆ ತಪ್ಪುವಂತಿಲ್ಲ.

ವ್ಯವಹಾರದಲ್ಲಿ ಇದರ ತಮ್ಮನೆಂದರೆ ಸಂಚಕಾರ. ಜಾನುವಾರು, ಜಮೀನು, ಫಸಲು ಯಾವುದೇ ಆಗಲಿ, ಕೊಳ್ಳುವವರು ಮಾತು ಗಟ್ಟಿಯಾಗಲೆಂದು ಮೊದಲು ಕೊಡುವ ಹಣ ಅದು. ಈಗ ಇದನ್ನೇ ಟೋಕನ್ ಅಡ್ವಾನ್ಸ್ ಎನ್ನುತ್ತೇವೆ. ಪ್ರಾಣಕ್ಕೆ ಸಂಚಕಾರ ಬಂತು ಎಂಬ ಮಾತಿನಲ್ಲಿರುವುದೂ ಇದೇ ಪದ. ಸಂಚಕಾರ ಬಿತ್ತೆಂದರೆ ವಸ್ತು ಕೈಬಿಟ್ಟ ಹಾಗೆಯೇ ಎಂಬ ಭಾವನೆ ಅದರಲ್ಲಿ ಉಳಿದುಕೊಂಡಿದೆ.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆಯನ್ನು ಮಕ್ಕಳೂ ಬಲ್ಲರು. ಸಣ್ಣ ವಸ್ತುವಿನ ಹಿಂದೆ ನಿಂತ ದೊಡ್ಡ ಹೊಣೆಯನ್ನು ಇದಕ್ಕಿಂತ ಚಿಕ್ಕದಾಗಿ ಹೇಳುವುದು ಕಷ್ಟ. ಐದು ಕಿಲೋ ಹಣ್ಣಿನ ತೂಕದಲ್ಲಿ ಒಂದು ಸಲ ಅನುಮಾನ ಹುಟ್ಟಿದ ತೋಟಕ್ಕೆ ಮುಂದಿನ ವರ್ಷ ಆಳು ಬರುವುದು ಕಷ್ಟ. ಆಳುಗಳ ಅಭಾವವೇ ದೊಡ್ಡ ಸಮಸ್ಯೆಯಾಗಿರುವಾಗ ಈ ನಷ್ಟವನ್ನು ಯಾವ ದರದ ಏರಿಕೆಯೂ ತುಂಬಿಕೊಡಲಾರದು.

ಆದುದರಿಂದ ಕುಯ್ಲಿನ ಕಾಲಕ್ಕೆ ಸದಸ್ಯರು ಈ ಕೆಳಗಿನ ಅಂಶಗಳನ್ನು ಗಮನಿಸುವುದು ಒಳ್ಳೆಯದು.

1. ಹಣ್ಣಿನ ತೂಕ, ಸುಲಿದ ಅಡಿಕೆಯ ಅಳತೆ ಕೆಲಸ ಮಾಡಿದವರ ಕಣ್ಣೆದುರಿಗೇ ಆಗಲಿ. ನಂಬರಿರುವ ಚೀಟಿ ಪುಸ್ತಕದಲ್ಲಿ ಕಾರ್ಬನ್ ಇಟ್ಟು ಬರೆದು, ಒಂದು ಪ್ರತಿ ಅವರ ಕೈಗೆ, ಒಂದು ನಮ್ಮ ಪುಸ್ತಕಕ್ಕೆ. ಬೇರೆ ರಾಜ್ಯದಿಂದ ಬಂದು ಕನ್ನಡ ಓದಲಾರದವರಿಗೂ ಅಂಕೆ ಓದಲು ಬರುತ್ತದೆ.

2. ಚೀಟಿಯ ಬದಲು ಬಿಲ್ಲೆ ಬಳಸುವವರು ಅದಕ್ಕೆ ತೋಟದ ಸ್ವಂತ ಗುರುತು ಹಾಕಿಸಬೇಕು. ಸಂಜೆ, ಕೊಟ್ಟದ್ದು ಎಷ್ಟು, ಪೆಟ್ಟಿಗೆಯಲ್ಲಿ ಉಳಿದದ್ದು ಎಷ್ಟು ಎಂದು ಎಣಿಸಿ ತಾಳೆ ನೋಡಬೇಕು. ಹಣ ಕೊಟ್ಟ ಕೂಡಲೇ ಬಿಲ್ಲೆ ಹಿಂದಕ್ಕೆ ಬರಬೇಕು. ರೈಲ್ವೆಯ ಗುಂಡಿನ ನಿಯಮ ಇಲ್ಲಿಯೂ ಸಲ್ಲುತ್ತದೆ.

3. ಬಟವಾಡೆಯ ದಿನ ತಪ್ಪಬಾರದು. ಮುಂಗಡ ಹಣ ಮುರಿದುಕೊಳ್ಳುವುದಿದ್ದರೆ ಎಷ್ಟು, ಯಾವುದಕ್ಕೆ ಎಂಬುದನ್ನು ಮೊದಲೇ ಹೇಳಿ, ಎರಡೂ ಪ್ರತಿಗಳಲ್ಲಿ ಬರೆದಿರಬೇಕು. ಇಂಥ ಅಂಗಡಿಯಲ್ಲೇ ಸಾಮಾನು ಕೊಳ್ಳಬೇಕೆಂಬ ಕಟ್ಟುಪಾಡು ಬೇಡ.

4. ನಾವು ಮಾಲು ಇಳಿಸಿದಾಗ ಪಡೆಯುವ ಚೀಟಿಯಲ್ಲಿ ತಾರೀಕು, ಚೀಲದ ಸಂಖ್ಯೆ, ತೂಕ, ತೇವಾಂಶ, ಕಾಫಿಯಾದರೆ ಔಟ್‌ಟರ್ನ್, ಅಡಿಕೆಯಾದರೆ ದರ್ಜೆ ಇರಲಿ. ಮಾರಾಟವೋ ದಾಸ್ತಾನೋ ಎಂಬುದು ಸ್ಪಷ್ಟವಾಗಿರಲಿ. ದರ ಕಡಿಯುವುದು ಬಾಕಿಯಿದ್ದರೆ ಯಾವ ದಿನದ ದರ, ಯಾವ ಮಾರುಕಟ್ಟೆಯ ದರ ಎಂಬುದೂ ಇರಲಿ. ಸಹಿಯಿಲ್ಲದ ಚೀಟಿ ಹಿಡಿದು ಬರಬಾರದು.

5. ದರಕ್ಕಾಗಿ ಕಾಯುವುದೇ ಉದ್ದೇಶವಾದರೆ ನೋಂದಾಯಿತ ಉಗ್ರಾಣದ ಬಗ್ಗೆ ವಿಚಾರಿಸಬಹುದು. 2007ರ ಉಗ್ರಾಣ ಕಾಯಿದೆಯ ಮೇರೆಗೆ ಅಂಥ ಉಗ್ರಾಣ ಕೊಡುವ ವರ್ಗಾವಣೆಯೋಗ್ಯ ರಸೀದಿಯನ್ನು ಒತ್ತೆಯಿಟ್ಟು ಬ್ಯಾಂಕಿನಲ್ಲಿ ಸಾಲ ಕೇಳಬಹುದು. ವ್ಯಾಪಾರಿಯ ತುಂಡು ಚೀಟಿಗೆ ಆ ಬಲವಿಲ್ಲ.

6. ಫಸಲು ಗುತ್ತಿಗೆ ಕೊಡುವಾಗ ಪಡೆದ ಸಂಚಕಾರದ ಮೊತ್ತ, ಉಳಿದ ಹಣದ ವಾಯಿದೆ, ಮಾತು ತಪ್ಪಿದರೆ ಸಂಚಕಾರದ ಗತಿ ಏನೆಂಬುದು ಬರಹದಲ್ಲಿರಲಿ. ತಾಂಬೂಲದ ಮರ್ಯಾದೆ ತಾಂಬೂಲಕ್ಕೆ, ಕಾಗದದ ಭದ್ರತೆ ಹಣಕ್ಕೆ.

7. ಬ್ಯಾಂಕಿನಿಂದ ಫೋನಿಗೆ ಬರುವ ಓಟಿಪಿ ಅಂಕೆಗಳೂ ಒಮ್ಮೆ ಮಾತ್ರ ನಡೆಯುವ ಟೋಕನ್ನೇ. ಹಿತ್ತಾಳೆ ಬಿಲ್ಲೆಯನ್ನು ದಾರಿಹೋಕರ ಕೈಗೆ ಕೊಡದವರು, ಫೋನಿನಲ್ಲಿ ಕೇಳಿದವರಿಗೆ ಈ ಅಂಕೆಯನ್ನು ಹೇಳಲೂಬಾರದು.

ಇವುಗಳಲ್ಲಿ ಹೆಚ್ಚು ಖರ್ಚಿನದು ಯಾವುದೂ ಇಲ್ಲ. ಒಂದು ಚೀಟಿ ಪುಸ್ತಕ, ಎರಡು ಹಾಳೆ ಕಾರ್ಬನ್, ಸಂಜೆಯ ಕಾಲು ಗಂಟೆ ಸಾಕು. ನಾವು ಬರೆದುಕೊಟ್ಟ ಚೀಟಿಯನ್ನು ನಮ್ಮ ಆಳುಗಳು ಎಷ್ಟು ನಿಶ್ಚಿಂತೆಯಿಂದ ಸೆರಗಿಗೆ ಕಟ್ಟಿಕೊಳ್ಳುತ್ತಾರೋ, ಅಷ್ಟೇ ನಿಶ್ಚಿಂತೆಯಿಂದ ನಾವು ಇನ್ನೊಬ್ಬರ ಚೀಟಿಯನ್ನು ಜೇಬಿಗಿಟ್ಟುಕೊಳ್ಳುವಂತಿರಬೇಕು. ಮೊದಲನೆಯದನ್ನು ಸರಿಯಾಗಿ ಬರೆಯುವುದು ನಮ್ಮ ಕೈಯಲ್ಲಿದೆ. ಎರಡನೆಯದನ್ನು ಸರಿಯಾಗಿ ಬರೆಸಿಕೊಳ್ಳುವುದೂ ನಮ್ಮ ಕೈಯಲ್ಲೇ ಇದೆ.